ವೀಣೆ ಬಿಡಿಸೋಕೆ ಎಲ್ಲಿಂದ ಶುರು ಮಾಡ್ಬೇಕು?

ಪ್ರಶ್ನೆ: ಸರ್, ಡ್ರಾಯಿಂಗ್ ಈಗಷ್ಟೇ ಕಲೀತಿದೀನಿ. ಸರಸ್ವತಿ ವೀಣೆ ಬಿಡಿಸಿದ್ರೆ ಪ್ರತಿ ಸಲ ದೊಡ್ಡ ಸೌಟಿನ ಥರಾನೇ ಕಾಣುತ್ತೆ, ಏನ್ ಮಾಡ್ಲಿ?
– ಓದುಗರು, ಬಸವನಗುಡಿ

ಉತ್ತರ: ನೀವು ಮೊದಲು ಔಟ್‌ಲೈನ್ ಎಳೀತಿದೀರ ಅನ್ಸುತ್ತೆ, ಅದನ್ನ ಬಿಡಿ. ಪೇಪರ್ ಮೇಲೆ ಓರೆಯಾಗಿ ಒಂದೇ ಒಂದು ತೆಳು ಗೆರೆ ಎಳೀರಿ, ಅದೇ ದಂಡಿ, ಅಂದ್ರೆ ವೀಣೆಯ ಉದ್ದನೆ ಕತ್ತು. ನಿಜವಾದ ವೀಣೆ ಸುಮಾರು 4 ಅಡಿ ಉದ್ದ ಇರುತ್ತೆ, ಕೊಡದ (ಒಂದು ತುದೀಲಿರೋ ದುಂಡಗಿನ ಟೊಳ್ಳು ಭಾಗ) ಅಗಲ ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಈ ಅಳತೆ ತಪ್ಪಿದ್ರೇನೇ ಸೌಟು ಆಗೋದು. ಕೊಡದ ಮೇಲ್ಭಾಗ ಚಪ್ಪಟೆ, ಹಾಗಾಗಿ ಮೊದಲು ಮೊಟ್ಟೆಯಾಕಾರ, ಅದರ ಕೆಳಗೆ ಹೊಟ್ಟೆ. ಇನ್ನೊಂದು ತುದೀಲಿ ಕೆಳಕ್ಕೆ ಬಾಗಿರೋ ಯಾಳಿ (ಸಿಂಹದ ಥರದ ಕಾಲ್ಪನಿಕ ಪ್ರಾಣಿ) ಮುಖ, ಅದಕ್ಕಿಂತ ಸ್ವಲ್ಪ ಈಚೆಗೆ ದಂಡಿ ಕೆಳಗೆ ಸೋರೆ ಬುರುಡೆ.

ಮೆಟ್ಟುಗಳ (ದಂಡಿ ಮೇಲೆ ತಂತಿ ಕೆಳಗೆ ಅಡ್ಡಕ್ಕಿರೋ ಪಟ್ಟಿಗಳು) ವಿಷಯಕ್ಕೆ ಬನ್ನಿ, ಎಲ್ಲರೂ ಎಡವೋದು ಇಲ್ಲೇ. ಒಟ್ಟು 24 ಇರುತ್ತೆ, ಸಮ ಅಂತರದಲ್ಲಿ ಹಾಕ್ಬೇಡಿ, ಯಾಳಿ ಕಡೆ ಅಗಲವಾಗಿದ್ದು ಕೊಡದ ಕಡೆ ಬರ್ತಾ ಬರ್ತಾ ಹತ್ತಿರ ಆಗ್ತಾ ಹೋಗುತ್ತೆ, ಯಾಕಂದ್ರೆ ತಂತಿ ಗಿಡ್ಡ ಆದಷ್ಟೂ ಒಂದು ಸ್ವರದಿಂದ ಇನ್ನೊಂದಕ್ಕೆ ಬೇಕಾಗೋ ದೂರಾನೂ ಕಮ್ಮಿ. ಇದೊಂದು ಸರಿ ಬಂದ್ರೆ ವೀಣೆ ಗೊತ್ತಿರೋರೂ ಚಿತ್ರ ನೋಡಿ ಖುಷಿ ಪಡ್ತಾರೆ. ತಂತಿ 7: ಮೆಟ್ಟುಗಳ ಮೇಲೆ 4, ಪಕ್ಕದಲ್ಲಿ ತಾಳಕ್ಕೆ 3, ಸ್ಕೇಲ್ ಇಟ್ಟೇ ಎಳೀರಿ.

ಫೋಟೋ ಮಾತ್ರ ನೋಡಿ ಬಿಡಿಸ್ಬೇಡಿ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೆ ಹೋಗಿ, ವಾದ್ಯಗಳನ್ನ ಕಣ್ಣಾರೆ ನೋಡ್ಬೋದು. ಶೇಡಿಂಗ್‌ಗೆ 2ಬಿ ಪೆನ್ಸಿಲ್ ಸಾಕು, ಹಲಸಿನ ಮರದ ಗೆರೆಗಳನ್ನ ಕೊಡದ ಉಬ್ಬಿನ ಜೊತೆಗೇ ಬಾಗಿಸಿ.