6 ಎಂಎಂ ಸೈನಿಕನ ಮುಖ ಕಾಣಲ್ಲ ಅಂತ ಕೇಳೋರಿಗೆ

ಪ್ರಶ್ನೆ: ಸರ್, ನಾನು ಟೇಬಲ್ ಮೇಲೆ ಆಡೋ ಯುದ್ಧದ ಆಟಕ್ಕೆ (ವಾರ್‌ಗೇಮ್) 28 ಎಂಎಂ ಎತ್ತರದ ಸೈನಿಕರ ಗೊಂಬೆ, ಅಂದ್ರೆ ಮಿನಿಯೇಚರ್ ಪೇಂಟ್ ಮಾಡ್ತೀನಿ. ಫ್ರೆಂಡ್ ಒಬ್ರು 6 ಎಂಎಂ ಶುರು ಮಾಡು ಅಂತಿದಾರೆ. ನೋಡಿದ್ರೆ ಅಕ್ಕಿ ಕಾಳಿನಷ್ಟಿದೆ, ಕಣ್ಣು ಮೂಗು ಏನೂ ಇಲ್ಲ. ಇದ್ರಲ್ಲಿ ಏನು ಮಜಾ? ದುಡ್ಡು, ಜಾಗ ಉಳಿಯುತ್ತೆ ಅಂತ ಅಷ್ಟೇನಾ?

ಉತ್ತರ: ಈ ಪ್ರಶ್ನೆ ಬರದೇ ಇರೋ ವಾರಾನೇ ಇಲ್ಲ, ಅದಕ್ಕೇ ಈ ಸಲ ಪೂರ್ತಿ ಬರೆದುಬಿಡ್ತೀನಿ. ಸ್ಕೇಲ್ ಅಂದ್ರೆ ನಿಜಕ್ಕಿಂತ ಎಷ್ಟು ಪಟ್ಟು ಚಿಕ್ಕದು ಅನ್ನೋದು, ಬೇಸ್ ಅಂದ್ರೆ ಗೊಂಬೆಗಳನ್ನ ಅಂಟಿಸೋ ತುಂಡು, ಅದಕ್ಕಿಂತ ಹೆಚ್ಚು ಹೇಳ್ತಾ ಕೂರಲ್ಲ.

ನೀವು ಸೈನಿಕನ್ನ ನೋಡ್ತಿದೀರ, ಅವನು ನಿಂತಿರೋ ನೆಲಾನ ನೋಡ್ತಿಲ್ಲ. 28 ಎಂಎಂ ಅಂದ್ರೆ ಹೆಚ್ಚುಕಮ್ಮಿ 1:60. ಆರಡಿ ಟೇಬಲ್ಲು 180 ಸೆಂಟಿಮೀಟರ್, ಅದನ್ನ 60ರಿಂದ ಗುಣಿಸಿದ್ರೆ 108 ಮೀಟರ್. ನೆಪೋಲಿಯನ್ ಕಾಲದ ಮಸ್ಕೆಟ್ (ಉದ್ದ ಬಂದೂಕು) ಹೊಡೆದ್ರೆ ಏನಾದ್ರೂ ಪ್ರಯೋಜನ ಆಗೋದು ಸುಮಾರು 100 ಮೀಟರ್ ಒಳಗೆ, ಅಂದ್ರೆ ಎರಡು ಸೈನ್ಯಾನ ಟೇಬಲ್ಲಿನ ಎರಡು ತುದೀಲಿ ಇಟ್ಟ ಕೂಡ್ಲೇ ಹೆಚ್ಚುಕಮ್ಮಿ ಗುಂಡಿನ ದೂರಕ್ಕೆ ಬಂದುಬಿಟ್ಟಿರ್ತಾರೆ, ಇನ್ನು ಫಿರಂಗಿನ ಅದೇ ಲೆಕ್ಕದಲ್ಲಿ 900 ಮೀಟರ್ ಹಿಂದೆ ಇಡಬೇಕಂದ್ರೆ 15 ಮೀಟರ್ ಜಾಗ ಬೇಕು. ಅದಕ್ಕೇ ದೊಡ್ಡ ಯುದ್ಧದ ಹೆಚ್ಚಿನ ರೂಲ್ಸ್‌ನಲ್ಲಿ ನೆಲದ ಸ್ಕೇಲ್ ಬೇರೆ, ಗೊಂಬೆ ಸ್ಕೇಲ್ ಬೇರೆ. 6 ಎಂಎಂನಲ್ಲೂ ಬೇರೇನೇ, ಅದನ್ನ ಮುಚ್ಚಿಡಲ್ಲ. ಆದ್ರೆ ಆ ಎರಡರ ನಡುವಿನ ಸುಳ್ಳು ಎಷ್ಟು ದೊಡ್ಡದು ಅನ್ನೋದೇ ವಿಷಯ.

ನೆಪೋಲಿಯನ್ ಕೊನೇ ಸಲ ಸೋತ ವಾಟರ್ಲೂ ಯುದ್ಧ ತಗೊಳ್ಳಿ. 1815ರ ಜೂನ್ 18. ಫ್ರೆಂಚರು ಸುಮಾರು 73,000, ಎದುರಿಗೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಕಡೆ ಸುಮಾರು 68,000, ಅವರ ನೆರವಿಗೆ ಪ್ರಷ್ಯನ್ನರು ಬರೋದಕ್ಕೆ ಮುಂಚೆ ಇದು. ಇಷ್ಟು ಜನ ನಿಂತಿದ್ದು ಹೆಚ್ಚುಕಮ್ಮಿ 5 ಕಿಲೋಮೀಟರ್ ಉದ್ದದಲ್ಲಿ. ನೆಲಕ್ಕೆ 1:2500 ಇಟ್ಕೊಂಡ್ರೆ ಅದು 2 ಮೀಟರ್, ಟೇಬಲ್ಲಿಗೆ ಒಂದು ಹಲಗೆ ಸೇರಿಸಿದ್ರೆ ಮುಗೀತು. 600 ಜನರ ಬ್ರಿಟಿಷ್ ಬೆಟಾಲಿಯನ್ ಎರಡು ಸಾಲಲ್ಲಿ ನಿಂತ್ರೆ, ಒಬ್ಬೊಬ್ಬನಿಗೆ 21 ಇಂಚು ಅಂತ ಹಿಡಿದು, ಸುಮಾರು 160 ಮೀಟರ್ ಉದ್ದ ಆಗುತ್ತೆ. ನಮ್ಮ ಟೇಬಲ್ ಮೇಲೆ ಅದು ಆರು ಸೆಂಟಿಮೀಟರ್ ಚಿಲ್ಲರೆ. ಆ ಜಾಗದಲ್ಲಿ 28 ಎಂಎಂ ಗೊಂಬೆ ಇಟ್ರೆ ಒಂದು ಸಾಲಿಗೆ ಮೂರು, ಎರಡು ಸಾಲಿಗೆ ಆರು. ಆರು ಜನರನ್ನ ನಿಲ್ಲಿಸಿ ಬೆಟಾಲಿಯನ್ ಅನ್ನಬೇಕು. 6 ಎಂಎಂನಲ್ಲಿ ಅಲ್ಲೇ 24 ಜನ ಆರಾಮಾಗಿ ನಿಲ್ತಾರೆ, ಮಧ್ಯದಲ್ಲಿ ಬಾವುಟ, ಹಿಂದೆ ಡ್ರಮ್ಮರ್, ಪಕ್ಕದಲ್ಲಿ ಕುದುರೆ ಮೇಲೆ ಕರ್ನಲ್, ಅದು ಸಾಲು ಅಂತ ಮೂರಡಿ ದೂರದಿಂದಾನೇ ಗೊತ್ತಾಗುತ್ತೆ, ಕಾಲಮ್ (ಒಂದರ ಹಿಂದೊಂದು ಸಾಲು) ಮಾಡಿದ್ರೆ ಕಾಲಮ್ ಥರಾನೇ ಕಾಣುತ್ತೆ.

ಇನ್ನು ಮನೆಗಳು. ಇದನ್ನ ಯಾರೂ ಯೋಚನೇನೇ ಮಾಡಲ್ಲ. ವೆಲಿಂಗ್ಟನ್ ಮುಂದೆ ಎರಡು ಮುಖ್ಯ ಫಾರ್ಮ್ (ತೋಟದ ಮನೆ) ಇದ್ವು, ಬಲಕ್ಕೆ ಊಗೊಮೊಂ, ಮಧ್ಯದಲ್ಲಿ ಲಾ ಹೇ ಸಾಂತ್, ಎರಡಕ್ಕೂ ನಡುವೆ ಸುಮಾರು ಒಂದು ಕಿಲೋಮೀಟರ್. ಸಾಯಂಕಾಲ ನಾಲ್ಕರ ಸುಮಾರಿಗೆ ಫ್ರೆಂಚ್ ಮಾರ್ಷಲ್ ನೇ (Ney) ಸಾವಿರಾರು ಕುದುರೆ ಸವಾರರನ್ನ ನುಗ್ಗಿಸಿದ್ದು ಇದೇ ಸಂದೀಲಿ. ಟೇಬಲ್ ಮೇಲೆ ಆ ಸಂದಿ 40 ಸೆಂಟಿಮೀಟರ್. 28 ಎಂಎಂಗೆ ಹೊಂದೋ ಫಾರ್ಮ್ ಮಾಡೆಲ್ ಒಂದೊಂದೂ ಕಮ್ಮಿ ಅಂದ್ರೆ 30 ಸೆಂಟಿಮೀಟರ್, ಎರಡೂ ಇಟ್ರೆ ನಡುವೆ ಉಳಿಯೋದು 10. ಕುದುರೆ ಎಲ್ಲಿಂದ ಹೋಗುತ್ತೆ? ಹೋಗೋಕಾಗಲ್ಲ, ಆಡೋರು ಫಾರ್ಮ್‌ಗೇ ಡಿಕ್ಕಿ ಹೊಡೀತಾ ಇರ್ತಾರೆ, ಆಮೇಲೆ ನೇ ಮಾಡಿದ್ದು ಮೂರ್ಖತನ ಅಂತ ಭಾಷಣ ಬೇರೆ. 6 ಎಂಎಂ ಫಾರ್ಮ್ ಏಳೆಂಟು ಸೆಂಟಿಮೀಟರ್‌ನಲ್ಲಿ ಮುಗಿಯುತ್ತೆ. ಸಂದಿ ಸಂದಿಯಾಗೇ ಇರುತ್ತೆ, ಅದು ನೋಡೋಕೆ ಖಾಲಿ ಅನ್ಸುತ್ತೆ, ನುಗ್ಗಬೇಕು ಅನ್ಸುತ್ತೆ, ನೇಗೆ ಯಾಕೆ ಹಾಗನ್ಸಿತು ಅನ್ನೋದು ಆವಾಗ ಅರ್ಥ ಆಗುತ್ತೆ. ನನಗೆ ಈ ಆಟದ ಮೇಲೆ ಪ್ರೀತಿ ಇರೋದೇ ಇದಕ್ಕೆ. ಖಾಲಿ ಜಾಗ ಇದ್ರೇನೇ ಯುದ್ಧ, ಮೀಸಲು ಪಡೆ ಇಡೋಕೆ ಜಾಗ, ಪಕ್ಕದಿಂದ ಸುತ್ತೋಕೆ ಜಾಗ, ಸೋತ ದಳ ಓಡಿಹೋಗಿ ಮತ್ತೆ ಸೇರೋಕೆ ಜಾಗ.

ಇದು ಇವತ್ತಿನ ಶೋಕಿ ಅಂದ್ಕೋಬೇಡಿ. ಕ್ಯಾಪ್ಟನ್ ವಿಲಿಯಂ ಸೈಬೋರ್ನ್ ಅಂತ ಒಬ್ರು ಲಾ ಹೇ ಸಾಂತ್‌ನಲ್ಲೇ ತಿಂಗಳುಗಟ್ಟಲೆ ಉಳ್ಕೊಂಡು ನೆಲ ಅಳೆದು, 1838ರಲ್ಲಿ ವಾಟರ್ಲೂ ಮಾಡೆಲ್ ಪ್ರದರ್ಶನಕ್ಕಿಟ್ರು, ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ನೆಲ ಸುಮಾರು 1:600, ಗೊಂಬೆ 70,000ಕ್ಕೂ ಮೇಲೆ, ಒಂದೊಂದೂ 10 ಎಂಎಂ. ಆ ಸ್ಕೇಲಿಗೆ ಮನುಷ್ಯ 3 ಎಂಎಂ ಇರಬೇಕಿತ್ತು, ಕಣ್ಣಿಗೆ ಕಾಣಲಿ ಅಂತ ಅವರೂ ದೊಡ್ಡದು ಮಾಡಿದ್ರು. ಅದರಲ್ಲಿ ಯಾರೂ ಮೂಗು ಹುಡುಕಲ್ಲ, ದಿಬ್ಬ ಎಲ್ಲಿದೆ, ಯಾರು ಯಾರಿಗೆ ಕಾಣ್ತಿರಲಿಲ್ಲ ಅಂತ ನೋಡ್ತಾರೆ.

ಪೇಂಟಿಂಗ್ ಬಗ್ಗೆ. ಇಲ್ಲಿ ಪೇಂಟ್ ಮಾಡೋದು ಬೆಟಾಲಿಯನ್ನ, ಸೈನಿಕನ್ನ ಅಲ್ಲ. ಗೊಂಬೆಗಳು ಸಾಲಾಗಿ ಸೇರಿರೋ ಸ್ಟ್ರಿಪ್‌ಗಳನ್ನ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಕಪ್ಪು ಪ್ರೈಮರ್ (ಮೊದಲ ಕೋಟ್) ಹೊಡೀರಿ, ಬಣ್ಣಗಳ ನಡುವೆ ಆ ಕಪ್ಪು ಸ್ವಲ್ಪ ಉಳೀಲಿ. ಬಣ್ಣ ನಿಜಕ್ಕಿಂತ ತಿಳಿಯಾಗಿರಬೇಕು, ಫ್ರೆಂಚ್ ಕೋಟಿನ ಕಡುನೀಲಿ ಹಾಗೇ ಹಚ್ಚಿದ್ರೆ ದೂರದಿಂದ ಕಪ್ಪು ಕಾಣುತ್ತೆ. ಎದೆ ಮೇಲೆ ಬಿಳಿ ಪಟ್ಟಿ ಒಂದೊಂದು ಗೀಟು, ಮುಖಕ್ಕೆ ಒಂದು ಚುಕ್ಕೆ, ಅಷ್ಟೇ. ಉಳಿದ ಟೈಮೆಲ್ಲ ಬೇಸ್‌ಗೆ ಕೊಡಿ. ಮತ್ತೆ ಈ ವಿಡಿಯೋ ಗುರುಗಳು ಮಾರೋ ಹತ್ತು ಸೊನ್ನೆ (10/0, ಅತೀ ಸಣ್ಣ) "ಮೈಕ್ರೋ ಡೀಟೇಲ್" ಬ್ರಷ್ ಸೆಟ್ ದಯವಿಟ್ಟು ತಗೋಬೇಡಿ, ಅದರಲ್ಲಿ ಬಣ್ಣ ನಿಲ್ಲಲ್ಲ, ಪ್ಯಾಲೆಟ್‌ನಿಂದ ಗೊಂಬೆಗೆ ಹೋಗೋಷ್ಟರಲ್ಲೇ ಒಣಗುತ್ತೆ. ತುದಿ ಚೂಪಾಗಿರೋ ಒಳ್ಳೆ 1ನೇ ನಂಬರ್ ಬ್ರಷ್ ಸಾಕು. ಹೊಸಬರ ದುಡ್ಡು ಹೀಗೆ ಹೋಗೋದು ನೋಡಿ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ದುಡ್ಡು ಉಳಿಯುತ್ತೆ ಅನ್ನೋದು ನಿಜ, ಆದ್ರೆ ಅದೊಂದೇ ಕಾರಣಕ್ಕೆ ಬರಬೇಡಿ. ಅಗ್ಗ ಅಂತ ಇಡೀ ಸೈನ್ಯ ತರಿಸಿ ಡ್ರಾಯರ್‌ನಲ್ಲಿಟ್ಟು ಬೇಜಾರಾದೋರೇ ಜಾಸ್ತಿ. ಮೊದಲು ಒಂದೊಂದು ಕಡೆಗೆ ಒಂದೇ ಬ್ರಿಗೇಡ್ (ಕೆಲವು ಬೆಟಾಲಿಯನ್ ಸೇರಿದ ದಳ) ಮುಗಿಸಿ, ಆಡಿ ನೋಡಿ. ಹತ್ತು ಹದಿನೈದು ಜನರ ಚಕಮಕಿ ಆಟ ಇಷ್ಟ ಅಂದ್ರೆ 28 ಎಂಎಂನಲ್ಲೇ ಇರಿ, ಅದಕ್ಕೆ ಅದೇ ಸರಿ.

ಪ್ರಶ್ನೆ: 1:285 ಟ್ಯಾಂಕ್ ಜೊತೆ 1:300 ಸೇರಿಸಬಹುದಾ?

ಧಾರಾಳವಾಗಿ, ಎರಡನ್ನೂ 6 ಎಂಎಂ ಅಂತಾನೇ ಕರೀತಾರೆ. ಟ್ಯಾಂಕ್‌ಗೆ ಟ್ಯಾಂಕ್ ತಾಗಿಸಿ ಪಾರ್ಕಿಂಗ್ ಥರ ಮಾತ್ರ ಇಡಬೇಡಿ, 50 ಮೀಟರ್ ಅಂತರ ಅಂದ್ರೆ ಇಲ್ಲಿ ಸುಮಾರು 17 ಸೆಂಟಿಮೀಟರ್, 1:100ನಲ್ಲಾದ್ರೆ ಅರ್ಧ ಮೀಟರ್.

ಪ್ರಶ್ನೆ: 6 ಮತ್ತು 10 ಎಂಎಂ ಒಂದೇ ಬೇಸ್‌ನಲ್ಲಿ?

ಬೇಡ.

ಪ್ರಶ್ನೆ: 1799ರ ಶ್ರೀರಂಗಪಟ್ಟಣ ಮಾಡಬೇಕು ಅಂತ ಆಸೆ. ಯಾವ ಸ್ಕೇಲ್?

ಏನು ಆಡ್ತೀರ ಅನ್ನೋದರ ಮೇಲಿದೆ. ಮೇ 4ರ ಮಧ್ಯಾಹ್ನ ಕೋಟೆ ಒಡೆದ ಜಾಗಕ್ಕೆ ಕಾವೇರಿ ದಾಟಿ ನುಗ್ಗಿದ್ದು ಮಾತ್ರ ಬೇಕು ಅಂದ್ರೆ 28 ಎಂಎಂ ಆಗುತ್ತೆ. ಇಡೀ ಮುತ್ತಿಗೆ, ಅಂದ್ರೆ ದ್ವೀಪ, ನದಿ, ಕಂದಕ, ಫಿರಂಗಿ ಬ್ಯಾಟರಿಗಳು, ಮೈಸೂರಿನ ರಾಕೆಟ್ ದಳ ಎಲ್ಲಾ ಬೇಕು ಅಂದ್ರೆ 6 ಎಂಎಂ, ಇಲ್ಲಾ 2 ಎಂಎಂ. ಗೊಂಬೆ ತಗೊಳ್ಳೋ ಮುಂಚೆ ಒಂದು ದಿನ ಹೋಗಿ ಪಡುವಣ ಗೋಡೆ ಪಕ್ಕ ನಡೆದು ಬನ್ನಿ.

ಪ್ರಶ್ನೆ: ನನಗೆ 45, ಹತ್ತಿರದ್ದು ಮಸುಕು. ಕಣ್ಣಿನ ವ್ಯಾಯಾಮ, ಆಯುರ್ವೇದ ಡ್ರಾಪ್ಸ್ ಹಾಕಿದ್ರೆ ಕನ್ನಡಕ ಬಿಡಬಹುದು ಅಂತ ಒಂದು ವಿಡಿಯೋ ಇದೆ.

ಆ ವಿಡಿಯೋ ನೋಡೋದನ್ನ ಬಿಡಿ. 40 ದಾಟಿದ್ ಮೇಲೆ ಕಣ್ಣಿನ ಲೆನ್ಸ್ ಗಟ್ಟಿ ಆಗ್ತಾ ಬರುತ್ತೆ, ಎಲ್ಲರಿಗೂ ಆಗುತ್ತೆ, ಯಾವ ಡ್ರಾಪ್ಸೂ ಅದನ್ನ ಮೆತ್ತಗೆ ಮಾಡಲ್ಲ. ಸಿಕ್ಕಿದ್ದನ್ನ ಕಣ್ಣಿಗೆ ಹಾಕ್ಬೇಡಿ. ಡಾಕ್ಟರ್ ಹತ್ರ ಹೋಗಿ ಕನ್ನಡಕದ ನಂಬರ್ ತಗೊಳ್ಳಿ, ತಲೆಗೆ ಹಾಕೋ ಭೂತಗನ್ನಡಿ, ಒಳ್ಳೆ ದೀಪ ಇಟ್ಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ದೂರ ನೋಡಿ.

ಪ್ರಶ್ನೆ: ಮನೇಲೇ 3ಡಿ ಪ್ರಿಂಟರ್‌ನಲ್ಲಿ ರೆಸಿನ್ (ಬೆಳಕಿಗೆ ಗಟ್ಟಿಯಾಗೋ ದ್ರವ) ಗೊಂಬೆ ಪ್ರಿಂಟ್ ಮಾಡ್ತೀನಿ. ವಾಟರ್ ವಾಷಬಲ್ ಅಂದ್ರೆ ಸೇಫ್ ತಾನೇ, ತೊಳೆದ ನೀರನ್ನ ಸಿಂಕ್‌ಗೆ ಬಿಡಬಹುದಾ?

ಬಿಡಬಾರದು! ನೀರಲ್ಲಿ ತೊಳೆಯೋಕೆ ಬರುತ್ತೆ ಅಂದ ಮಾತ್ರಕ್ಕೆ ವಿಷ ಹೋಗಲ್ಲ, ಅಂಗಡಿಯವರು ಹಾಗಂದ್ರೆ ನಂಬಬೇಡಿ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದ್ರೆ ಅಲರ್ಜಿ ಹುಟ್ಟುತ್ತೆ, ಹುಟ್ಟಿದ್ ಮೇಲೆ ಹೋಗೋದು ಕಷ್ಟ. ನೈಟ್ರೈಲ್ ಗ್ಲೌಸ್, ಕಿಟಕಿ ತೆರೆದಿರೋ ರೂಮು. ತೊಳೆದ ನೀರನ್ನ ಬಿಸಿಲಲ್ಲಿಟ್ಟು ರೆಸಿನ್ ಗಟ್ಟಿಯಾದ್ ಮೇಲೆ ಸೋಸಿ, ಆ ಗಷ್ಟನ್ನ ಕಸಕ್ಕೆ ಹಾಕಿ, ಉಳಿದ ನೀರನ್ನ ಚರಂಡಿಗೆ ಬಿಡದೆ ಅಪಾಯಕಾರಿ ಕಸ ತಗೊಳ್ಳೋರಿಗೇ ಕೊಡಿ. ಹಳೇ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತೆ, ಉಜ್ಜೋವಾಗ ಪುಡಿ ಹಾರದ ಹಾಗೆ ಒದ್ದೆ ಮಾಡ್ಕೊಂಡು ಉಜ್ಜಿ, ಕೈ ತೊಳೀದೆ ತಿಂಡಿ ಮುಟ್ಟಬೇಡಿ. ಮನೇಲಿ ಎಲ್ಲಾನೂ ಬಾಯಿಗೆ ಹಾಕ್ಕೊಳ್ಳೋ ವಯಸ್ಸಿನ ಮಗು ಇದ್ರೆ ಮಗು ದೊಡ್ಡದಾಗೋವರೆಗೂ 6 ಎಂಎಂ ಡಬ್ಬೀನ ಬೀಗ ಇರೋ ಕಪಾಟಿನಿಂದ ಆಚೆ ತೆಗೀಲೇಬೇಡಿ.