ದಪ್ಪ ಇರುವವರು ವಿಮಾನದಲ್ಲಿ ಎರಡನೇ ಸೀಟಿಗೂ ದುಡ್ಡು ಕೊಡಬೇಕೇ?

"ದಪ್ಪ ಇರುವುದು ನಾನು, ಪಕ್ಕದವರಿಗೆ ಯಾಕೆ ತೊಂದರೆ? ಎರಡು ಸೀಟಿನ ದುಡ್ಡು ನಾನೇ ಕೊಡುವುದು ನ್ಯಾಯ ಅಲ್ವಾ?" ಎಂದು ಕೇಳಿದ್ದೀರಿ. ಬೆಂಗಳೂರಿನಿಂದ ಟೆಕ್ಸಸ್‌ನಲ್ಲಿರುವ ಮಗಳ ಮನೆಗೆ ಹೋಗಬೇಕು ಎಂದೂ ಬರೆದಿದ್ದೀರಿ. ನಾನೂ ಹೀಗೇ ಅಂದುಕೊಂಡು ಎರಡು ಸೀಟಿನ ದುಡ್ಡು ಕೊಟ್ಟೆ. ಕೊಟ್ಟಮೇಲೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದೆ.

ನಾನಿರುವುದು ಟೊರಾಂಟೊ ಹತ್ತಿರ. ಕೆಲಸದ ಮೇಲೆ ಕ್ಯಾಲ್ಗರಿಗೆ ಓಡಾಟ ಇರುತ್ತದೆ. ಆ ವಿಮಾನಗಳಲ್ಲಿ ನನಗೆ ಎರಡು ಸೀಟು ಸಿಗುತ್ತದೆ, ದುಡ್ಡು ಒಂದಕ್ಕೇ. ಡಾಕ್ಟರ್ ಹತ್ತಿರ ಫಾರ್ಮ್ ತುಂಬಿಸಿ ಮೊದಲೇ ಕಳಿಸಬೇಕು, ಅಷ್ಟೇ. ಇದೇನು ಕಂಪನಿಗಳು ಕನಿಕರಪಟ್ಟು ಕೊಟ್ಟಿದ್ದಲ್ಲ. 2008ರ ಜನವರಿಯಲ್ಲಿ ಕೆನಡಾದ ಸಾರಿಗೆ ಏಜೆನ್ಸಿ 'ಒಬ್ಬ ಮನುಷ್ಯನಿಗೆ ಒಂದೇ ದರ' ಎಂದು ಆದೇಶ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ಅದೇ ವರ್ಷ ನವೆಂಬರಿನಲ್ಲಿ ಕೋರ್ಟು ಮೇಲ್ಮನವಿ ಕೇಳುವುದಕ್ಕೇ ಒಪ್ಪಲಿಲ್ಲ. 2009ರ ಜನವರಿಯಿಂದ ಜಾರಿಗೆ ಬಂತು. ಆದರೆ ಇದು ಕೆನಡಾದ ಒಳಗಿನ ಪ್ರಯಾಣಕ್ಕೆ ಮಾತ್ರ. ಬೆಂಗಳೂರಿಗೆ ಬರುವಾಗ ಆ ಫಾರ್ಮಿಗೆ ಬೆಲೆ ಇಲ್ಲ.

ಹಾಗಾಗಿ ತಂಗಿ ಮಗಳ ಮದುವೆಗೆ ಹೊರಟಾಗ ಎರಡನೇ ಸೀಟನ್ನು ಕೊಂಡೇ ಬಿಟ್ಟೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಯುರೋಪಿನಲ್ಲಿ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ತಪ್ಪಾಗಿದ್ದು ಇಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಇದು ಆಗಬಾರದು.

ಅಗ್ಗವಾಗಿ ಸಿಕ್ಕಿತು ಎಂದು ಒಂದು ಟಿಕೆಟ್ ವೆಬ್‌ಸೈಟಿನಲ್ಲಿ ಇಬ್ಬರು ಪ್ರಯಾಣಿಕರು ಎಂದು ಹಾಕಿ, ಎರಡೂ ಕಡೆ ನನ್ನ ಹೆಸರನ್ನೇ ಬರೆದೆ. ಬುಕ್ ಆಯಿತು. ಆನ್‌ಲೈನ್ ಚೆಕ್-ಇನ್ ಮಾಡುವಾಗ ಮೊದಲ ಹೆಸರು ಹೋಯಿತು, ಎರಡನೆಯದು ಹೋಗಲಿಲ್ಲ. ದುಡ್ಡು ಕಟ್ಟಿದ್ದೇನಲ್ಲ, ಸೀಟ್ ನಂಬರ್ ಕೂಡ ಇದೆಯಲ್ಲ ಎಂದು ಸುಮ್ಮನಾದೆ. ಕೌಂಟರಿನಲ್ಲೂ ಕೇಳಲಿಲ್ಲ. ಗೇಟಿನಲ್ಲಿ ಒಂದು ಬೋರ್ಡಿಂಗ್ ಪಾಸ್ ತೋರಿಸಿದೆ, ಮೆಷಿನ್ ಕುಂಯ್ ಎಂದಿತು, ಒಳಗೆ ಹೋದೆ.

ಆದರೆ ಕಂಪನಿಯ ಕಂಪ್ಯೂಟರಿಗೆ ಎರಡನೇ ಸೀಟು ಎಂದರೆ ಎರಡನೇ ಮನುಷ್ಯ. ಅವನ ಚೆಕ್-ಇನ್ ಆಗಿಲ್ಲ, ಅವನ ಪಾಸು ಗೇಟಿನಲ್ಲಿ ಸ್ಕ್ಯಾನ್ ಆಗಿಲ್ಲ. ಅಂದರೆ ಅವನು ಬಂದಿಲ್ಲ. ಬರದವನ ಸೀಟನ್ನು ಸ್ಟ್ಯಾಂಡ್‌ಬೈನಲ್ಲಿ ಕಾಯುತ್ತಿದ್ದವರಿಗೆ ಕೊಡುತ್ತಾರೆ. ಬಾಗಿಲು ಹಾಕುವ ಮುಂಚೆ ಒಬ್ಬ ಹುಡುಗ, ಕಾಲೇಜು ವಿದ್ಯಾರ್ಥಿ ಇರಬೇಕು, ಬಂದು ನಿಂತ. ಕೈಯಲ್ಲಿದ್ದ ಪಾಸು ನೋಡಿದ, ತಲೆಯ ಮೇಲಿನ ನಂಬರ್ ನೋಡಿದ, ನನ್ನನ್ನು ನೋಡಿದ. ನಾನು ಎತ್ತಿಟ್ಟಿದ್ದ ಆರ್ಮ್‌ರೆಸ್ಟನ್ನು ಇಳಿಸಲು ನೋಡಿದೆ, ಅದು ತೊಡೆಯ ಮೇಲೆ ಕೂತಿತು, ಕೆಳಗೆ ಹೋಗಲಿಲ್ಲ. ಗಗನಸಖಿಗೆ ದುಡ್ಡು ಕಟ್ಟಿದ ರಸೀದಿ ತೋರಿಸಿದೆ. ಆಕೆ ನಿಜಕ್ಕೂ ಬೇಜಾರು ಮಾಡಿಕೊಂಡರು, ಆದರೆ ವಿಮಾನ ಭರ್ತಿ. ಆ ಹುಡುಗ ಇಡೀ ರಾತ್ರಿ ನಡುದಾರಿಯ ಕಡೆ ವಾಲಿಕೊಂಡೇ ಕೂತಿದ್ದ.

ಅಲ್ಲಿಗೆ ಮುಗಿಯಲಿಲ್ಲ. ಒಂದು ಹಂತಕ್ಕೆ ಬರದಿದ್ದರೆ ಆ ಟಿಕೆಟಿನ ಮುಂದಿನ ಹಂತಗಳೂ ರದ್ದಾಗುತ್ತವೆ. ಯುರೋಪಿನಿಂದ ಬೆಂಗಳೂರಿಗೆ, ವಾಪಸ್ ಬರುವಾಗ, ಎಲ್ಲಾ ಕಡೆ ನನ್ನ ಎರಡನೇ ಸೀಟು ಹೋಗಿತ್ತು. ಬರದವನ ದುಡ್ಡು ವಾಪಸ್ ಇಲ್ಲ ಎಂದರು. ಯೋಚಿಸಿ, ಒಂದೇ ಸೀಟು. ನನ್ನಿಂದಲೂ ದುಡ್ಡು ಬಂತು, ಆ ಹುಡುಗನಿಂದಲೂ ಬಂತು. ತೊಂದರೆ ಮಾತ್ರ ನಮ್ಮಿಬ್ಬರದೇ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನೀವು ನಿಮಗೂ ಪಕ್ಕದವರಿಗೂ ಜಗಳ ಎಂಬಂತೆ ಕೇಳಿದ್ದೀರಿ. ಆ ಸೀಟಿನ ಅಳತೆ ನಿಗದಿ ಮಾಡಿದ್ದು ನೀವೂ ಅಲ್ಲ, ಪಕ್ಕದವರೂ ಅಲ್ಲ. ಸಾಮಾನ್ಯ ದರ್ಜೆಯ ಸೀಟು ಸುಮಾರು 17ರಿಂದ 18 ಇಂಚು ಅಗಲ ಇರುತ್ತದೆ. ಭುಜ ಅಗಲವಾದ ಗಂಡಸು ಎರಡೂ ಪಕ್ಕದವರಿಗೆ ಒತ್ತುತ್ತಾನೆ, ಅವನಿಗೆ ಯಾರೂ ಎರಡನೇ ಟಿಕೆಟ್ ತೊಗೊ ಎನ್ನುವುದಿಲ್ಲ. ಅಮೆರಿಕದ ಸೌತ್‌ವೆಸ್ಟ್‌ನಂಥ ವಿಮಾನ ಕಂಪನಿಗೆ ಆರ್ಮ್‌ರೆಸ್ಟೇ ಗಡಿ, ಅದನ್ನು ದಾಟಿದರೆ ಎರಡನೇ ಸೀಟು. ಆರ್ಮ್‌ರೆಸ್ಟ್ ಅಳೆಯುವುದು ಸೊಂಟವನ್ನು. ಹೆಂಗಸರಿಗೇ ಇದರ ಏಟು ಜಾಸ್ತಿ ಬೀಳುತ್ತದೆ ಎಂದು ನನಗನಿಸುತ್ತದೆ.

ತೂಕ ಹೆಚ್ಚಾದರೆ ಇಂಧನ ಹೆಚ್ಚು ಬೇಕಲ್ಲ ಎಂದು ಯಾರಾದರೂ ಬಂದು ಹೇಳುತ್ತಾರೆ. 2013ರಲ್ಲಿ ಸಮೋವಾ ಏರ್ ಎಂಬ ವಿಮಾನ ಕಂಪನಿ ಪ್ರಯಾಣಿಕರನ್ನು ತೂಗಿ ಕಿಲೋ ಲೆಕ್ಕದಲ್ಲಿ ದುಡ್ಡು ತೊಗೊಂಡಿತು, ನಿಜ. ಅದರದು ಪುಟಾಣಿ ವಿಮಾನಗಳು, ಒಬ್ಬೊಬ್ಬರ ತೂಕವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ಸರಾಸರಿ ತೂಕ ಹಿಡಿದೇ ಲೆಕ್ಕ ಹಾಕುತ್ತಾರೆ.

ಹಾಗಾದರೆ ಖರ್ಚು ಯಾರು ಹೊರಬೇಕು? ಎಲ್ಲರೂ ಸೇರಿ. ಕೆನಡಾದ ಏಜೆನ್ಸಿ ಇದನ್ನೂ ಲೆಕ್ಕ ಹಾಕಿತ್ತು. ಏರ್ ಕೆನಡಾಗೆ ಒಂದು ಟಿಕೆಟಿಗೆ 77 ಸೆಂಟ್, ವೆಸ್ಟ್‌ಜೆಟ್‌ಗೆ 44 ಸೆಂಟ್. ಜೊತೆಗೆ ಸಹಾಯಕರು ಬೇಕಾದ ಅಂಗವಿಕಲರ ಎರಡನೇ ಸೀಟೂ ಈ ಲೆಕ್ಕದಲ್ಲೇ ಸೇರಿತ್ತು. ಒಂದು ಡಾಲರ್ ಕೂಡ ಆಗುವುದಿಲ್ಲ! ನಮ್ಮಲ್ಲೇ ನೋಡಿ, ಕೊರೊನಾ ಕಾಲದಲ್ಲಿ, 2020ರಲ್ಲಿ, ಪಕ್ಕ ಯಾರೂ ಬೇಡ ಎನ್ನುವವರಿಗೆ ಇಂಡಿಗೋ ಎರಡನೇ ಸೀಟು ಮಾರಿತು. ಮೂಲ ದರದ ಶೇ. 25ರವರೆಗೆ ಮಾತ್ರ ಅದಕ್ಕೆ ದರ. ಭಯ ಇದ್ದವರಿಗೆ ಕಾಲುಭಾಗಕ್ಕೆ ಕೊಡಬಹುದಾದ ಸೀಟನ್ನು ದಪ್ಪ ಇರುವವರಿಗೆ ಪೂರ್ತಿ ದರಕ್ಕೇ ಯಾಕೆ ಮಾರಬೇಕು?

ನ್ಯಾಯ ಒಂದು ಕಡೆ ಇರಲಿ, ನಿಮ್ಮ ಪ್ರಯಾಣ ಹತ್ತಿರ ಬಂದಿದೆ. ಈಗಿನ ಮಟ್ಟಿಗೆ ಎರಡನೇ ಸೀಟು ತೊಗೊಳ್ಳಿ. ಅಷ್ಟು ದೂರ ಹಿಂಡಿಕೊಂಡು ಕೂರಬೇಡಿ. ಆದರೆ ವೆಬ್‌ಸೈಟಿನಲ್ಲಿ ಬೇಡ, ಏಜೆಂಟ್ ಹತ್ತಿರವೂ ಬೇಡ. ಕಂಪನಿಗೇ ಫೋನ್ ಮಾಡಿ. ಎರಡನೇ ಹೆಸರಿನ ಜಾಗದಲ್ಲಿ 'ಇಎಕ್ಸ್‌ಎಸ್‌ಟಿ' (ಎಕ್ಸ್‌ಟ್ರಾ ಸೀಟ್, ಅಂದರೆ ಅದೇ ಪ್ರಯಾಣಿಕರ ಹೆಚ್ಚುವರಿ ಸೀಟು) ಅಥವಾ ಅವರದೇ ಬೇರೆ ಗುರುತು ಹಾಕಿಸಿ. ಕೌಂಟರಿನಲ್ಲಿ ಎರಡು ಬೋರ್ಡಿಂಗ್ ಪಾಸ್ ಕೇಳಿ ತೊಗೊಳ್ಳಿ, ಗೇಟಿನಲ್ಲಿ ಎರಡನ್ನೂ ಸ್ಕ್ಯಾನ್ ಮಾಡಿಸಿ. ವಿಮಾನ ಬದಲಿಸುವ ಪ್ರತಿ ಊರಿನಲ್ಲೂ ಮತ್ತೆ ಹೀಗೇ.

ಮಗಳ ಮನೆಯಿಂದ ಅಮೆರಿಕದೊಳಗೆ ಓಡಾಡುವಾಗ ಸೌತ್‌ವೆಸ್ಟ್ ಸಿಕ್ಕಬಹುದು. ಮೊದಲು ಅವರು ಏರ್‌ಪೋರ್ಟಿನಲ್ಲೇ ಕೇಳಿದರೆ ಹೆಚ್ಚುವರಿ ಸೀಟು ಪುಕ್ಕಟೆ ಕೊಡುತ್ತಿದ್ದರು. 2026ರ ಜನವರಿ 27ರಿಂದ ಮೊದಲೇ ಕೊಳ್ಳಬೇಕು ಎಂದು ಬದಲಿಸಿದ್ದಾರೆ. ಎರಡೂ ಟಿಕೆಟ್ ಒಂದೇ ದರ್ಜೆಯದಾಗಿದ್ದು, ವಿಮಾನ ಹೊರಡುವಾಗ ಒಂದಾದರೂ ಸೀಟು ಖಾಲಿ ಇದ್ದರೆ ದುಡ್ಡು ವಾಪಸ್ ಬರುತ್ತದೆ. ಆದರೆ 90 ದಿನದೊಳಗೆ ನೀವೇ ಕೇಳಬೇಕು. ಕೇಳಲು ಸಂಕೋಚ ಬೇಡ, ಅದು ನಿಮ್ಮ ದುಡ್ಡು.