ಹೋಮ್ ನರ್ಸಿಂಗ್ ಏಜೆನ್ಸಿ ಮತ್ತು ನಿದ್ದೆ ಬಾರದ ಸಿಸ್ಟರ್

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನಲವತ್ತರ ಆಸುಪಾಸಿನ ಹೆಂಗಸು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ, ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷಗಳಿಂದ ಸ್ಟಾಫ್ ನರ್ಸ್. ತವರು ಮಂಡ್ಯ ಜಿಲ್ಲೆಯ ಹಳ್ಳಿ. ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಪಕ್ಕದ ಬೀದಿಯಲ್ಲೇ ಮೈದುನ. ಇಲ್ಲಿ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ. ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಅವರನ್ನು ಕರೆದುಕೊಂಡು ಬಂದವರು ಗಂಡ. ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗಾಟ, ಫೋನ್ ರಿಂಗಾದರೆ ಸಾಕು ಕೈ ನಡುಗುತ್ತದೆ ಎಂಬುದು ದೂರು. "ಕೆಲ್ಸದ ಜೊತೆಗೆ ಅದೇನೋ ಏಜೆನ್ಸಿ ಅಂತ ತಲೆಗೆ ಹಚ್ಕೊಂಡವ್ರೆ ಮೇಡಂ, ಬಿಟ್ಬಿಡಿ ಅಂತ ನೀವಾದ್ರೂ ಹೇಳಿ" ಎಂದು ಕೇಳಿಕೊಂಡರು. ಬಿಡಿ ಅಂತಲೋ ಮಾಡಿ ಅಂತಲೋ ಹೇಳುವುದು ನನ್ನ ಕೆಲಸವಲ್ಲ ಎಂದು ಅವರಿಗೆ ಮೊದಲೇ ತಿಳಿಸಿದೆ.

ಏಜೆನ್ಸಿ ಹುಟ್ಟಿದ್ದು ಯಾವ ಯೋಜನೆಯಿಂದಲೂ ಅಲ್ಲ. ಸ್ಟ್ರೋಕ್ ಆದ ಹಿರಿಯರೊಬ್ಬರು ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಆಹಾರ ಕೊಡುವ ನಳಿಕೆ), ಕ್ಯಾಥೆಟರ್ (ಮೂತ್ರದ ನಳಿಕೆ) ಸಮೇತ ಡಿಸ್ಚಾರ್ಜ್ ಆದರು. ಮನೆ ಜಯಲಕ್ಷ್ಮೀಪುರಂ ಕಡೆ. ಮಕ್ಕಳಿಬ್ಬರೂ ವಿದೇಶದಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಡತಿ ಒಬ್ಬರೇ. ಆಕೆ ವಾರ್ಡಿನ ಬಾಗಿಲಲ್ಲಿ ನಿಂತು, "ಸಿಸ್ಟರ್, ಇದನ್ನೆಲ್ಲ ನಾನು ಹೇಗೆ ನೋಡಿಕೊಳ್ಳಲಿ?" ಎಂದು ಅತ್ತರಂತೆ. ಸಿಸ್ಟರ್ ತಮ್ಮೂರಿನ, ಎಎನ್‌ಎಂ (ಸಹಾಯಕ ನರ್ಸ್ ತರಬೇತಿ) ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಹುಡುಗಿಯನ್ನು ಕಳಿಸಿದರು. ಬಾಯಿಂದ ಬಾಯಿಗೆ ಹಬ್ಬಿತು. ಕುವೆಂಪುನಗರ, ಸರಸ್ವತಿಪುರಂ, ಗೋಕುಲಂ ಕಡೆಯ ಮನೆಗಳಿಂದೆಲ್ಲ ಕರೆ ಬರತೊಡಗಿತು. ನಿವೃತ್ತರ ಊರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮೈಸೂರಿನಲ್ಲಿ ಇಂಥ ಮನೆಗಳಿಗೇನೂ ಬರವಿಲ್ಲ. ಮದ್ದೂರು, ನಾಗಮಂಗಲ, ಪಾಂಡವಪುರ ಕಡೆಯ ಹುಡುಗಿಯರಿಗೆ ಕೆಲಸ ಬೇಕಿತ್ತು. ಕೆಲವರು ಎಎನ್‌ಎಂ, ಹೆಚ್ಚಿನವರು ಎಸ್ಸೆಸ್ಸೆಲ್ಸಿ, ಪಿಯುಸಿಗೇ ನಿಂತವರು. ನನ್ನ ಬಳಿ ಬರುವ ಮುಂಚೆ ಒಂಬತ್ತು ಜನ ಒಂಬತ್ತು ಮನೆಗಳಲ್ಲಿದ್ದರು. ಒಂದು ಕಾಗದವಿಲ್ಲ, ಎಲ್ಲವೂ ಬಾಯಿ ಮಾತು, ಫೋನ್‌ಪೇ.

ಗಂಡನನ್ನು ಹೊರಗೆ ಕೂರಿಸಿ ಮಾತಾಡಿದಾಗ ನಿದ್ದೆ ಹೋದ ರಾತ್ರಿ ಯಾವುದೆಂದು ತಿಳಿಯಿತು. ಹನ್ನೊಂದು ಗಂಟೆಗೆ ಒಬ್ಬ ಹುಡುಗಿಯ ಫೋನ್. ಪಿಸುಮಾತು. ರೋಗಿಯ ಮಗ ಕುಡಿದು ಬಂದು ಅವಳು ಮಲಗುವ ಕೋಣೆಯ ಬಾಗಿಲು ತಟ್ಟುತ್ತಿದ್ದಾನೆ. ಒಳಗಿನ ಚಿಲಕ ಸಡಿಲ. ಅವಳು ಬೀರುವನ್ನು ಬಾಗಿಲಿಗೆ ಒತ್ತಿ ಹಿಡಿದುಕೊಂಡಿದ್ದಾಳೆ. ಸಿಸ್ಟರ್ ಗಂಡನ ಜೊತೆ ಸ್ಕೂಟರ್‌ನಲ್ಲಿ ಹೋಗಿ, ಮನೆಯವರನ್ನು ಎಬ್ಬಿಸಿ, ಅವಳನ್ನು ಕರೆತಂದರು. ಮರುದಿನ ಆ ಮನೆಯವರು, ಪೇಷಂಟ್‌ನ ನಡುರಾತ್ರಿ ಬಿಟ್ಟು ಹೋದಳು, ಅಡ್ವಾನ್ಸ್ ವಾಪಸ್ ಕೊಡಿ ಎಂದು ಜಗಳಕ್ಕೆ ನಿಂತರು. ಹುಡುಗಿಯ ತಾಯಿ ಊರಿಂದ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು.

"ಆ ಹುಡ್ಗಿಗೆ ಹತ್ತೊಂಬತ್ತು ವರ್ಸ ಮೇಡಂ. ನನ್ ನಂಬ್ಕೊಂಡ್ ಬಂದವ್ಳು. ಇನ್ನೂ ಎಂಟು ಜನ ಇದಾರಲ್ಲ, ಇವತ್ತು ಯಾರ ಬಾಗ್ಲು ತಟ್ತಾ ಇದಾರೋ ಅಂತ ಮಲಗ್ದಾಗೆಲ್ಲ ಅದೇ."

ಇದನ್ನು ಮನಸ್ಸಿನ ದೌರ್ಬಲ್ಯ ಎಂದು ಸಿಸ್ಟರ್ ಮನೆಯವರು ತಿಳಿದಿದ್ದರು. ನನಗೆ ಹಾಗೆ ಕಾಣಲಿಲ್ಲ. ಎಂಟು ಹೆಣ್ಣುಮಕ್ಕಳನ್ನು ಗೊತ್ತಿಲ್ಲದ ಮನೆಗಳಿಗೆ ರಾತ್ರಿ ತಂಗಲು ಕಳಿಸಿ, ಏನೂ ವ್ಯವಸ್ಥೆ ಮಾಡದೆ ನೆಮ್ಮದಿಯಾಗಿ ನಿದ್ದೆ ಬಂದಿದ್ದರೆ ಅದು ಆತಂಕಪಡುವ ವಿಷಯ. ಈ ಭಯಕ್ಕೆ ಕಾರಣವಿದೆ, ಕಾರಣ ಹೋಗುವ ತನಕ ಭಯ ಇರುತ್ತದೆ ಎಂದೆ. ಸಿಸ್ಟರ್ ಅಳುವುದನ್ನು ನಿಲ್ಲಿಸಿ ಮೊದಲ ಬಾರಿಗೆ ನೇರ ಕೂತರು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದೂ ಹೇಳಿದೆ, ಅದಕ್ಕೆ ಒಪ್ಪಿದರು.

ಆಮೇಲೆ ನಾನು ಕೇಳಿದ್ದು, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು. ಊರಿಗೆ ಹೋಗಿದ್ದಳು. ಹದಿನೆಂಟು ದಿನದ ಸಂಬಳ ಬಂದಿರಲಿಲ್ಲ. ಅಡ್ವಾನ್ಸ್, ಮರ್ಯಾದೆ, ಏಜೆನ್ಸಿ ಹೆಸರು ಎಲ್ಲದರ ಬಗ್ಗೆ ಮನೆಯಲ್ಲಿ ಚರ್ಚೆಯಾಗಿತ್ತು, ಅವಳಿಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ನನ್ನ ಮೊದಲ ಸಲಹೆ ಅಲ್ಲಿಂದಲೇ ಶುರುವಾಯಿತು. ಆ ಮನೆ ಕೊಡಲಿ ಬಿಡಲಿ, ಹದಿನೆಂಟು ದಿನದ ಸಂಬಳವನ್ನು ನೀವು ಈ ವಾರವೇ ಕೊಡಿ. ಅವಳಿಗೆ ಇರುವ ದಾರಿಗಳನ್ನು ತಿಳಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ (2013) ವಾಸದ ಮನೆಯನ್ನೂ ಕೆಲಸದ ಸ್ಥಳ ಎಂದೇ ಎಣಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಘಟನೆ ನಡೆದ ಮೂರು ತಿಂಗಳೊಳಗೆ, ಬರವಣಿಗೆಯಲ್ಲಿ. ಪೊಲೀಸರ ದಾರಿ ಹೇಗೂ ಇದ್ದೇ ಇದೆ. ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ಕೊಡುತ್ತೇನೆಂದರೆ ಜೊತೆಗೆ ಹೋಗುವುದು ನಿಮ್ಮ ಹೊಣೆ. ಅವಳು ಬಂದು ನನ್ನೊಡನೆಯೂ ಮಾತಾಡಿದಳು. ಏನು ನಿರ್ಧರಿಸಿದಳು ಎಂಬುದನ್ನು ಬರೆಯುವುದಿಲ್ಲ. ಇಂಥ ದೂರುಗಳ ವಿವರ ಪ್ರಕಟಿಸುವುದನ್ನು ಆ ಕಾಯ್ದೆಯೇ ತಡೆಯುತ್ತದೆ.

ಸಿಸ್ಟರ್ ಕೂತು ಇತ್ಯರ್ಥ ಮಾಡಬೇಕಿದ್ದದ್ದು ಒಂದೇ ಪ್ರಶ್ನೆ. ತಾವು ಹುಡುಗಿಯರನ್ನು ಹುಡುಕಿಕೊಟ್ಟು ಕಮಿಷನ್ ಪಡೆದು ಪಕ್ಕಕ್ಕೆ ಸರಿಯುವ ಮಧ್ಯವರ್ತಿಯೋ, ಅವರ ಯಜಮಾನಿಯೋ? ಮಧ್ಯವರ್ತಿಗೆ ರಾತ್ರಿ ಫೋನ್ ಬರುವುದಿಲ್ಲ, ಬಂದರೂ ಎತ್ತುವುದಿಲ್ಲ. ಇವರು ಎತ್ತಿದವರು. ಅಂದಮೇಲೆ ಯಜಮಾನಿಯಾಗಿಯೇ ನಡೆಯಬೇಕು, ಅದಕ್ಕೆ ತಕ್ಕ ಖರ್ಚು ಹೊರಬೇಕು, ಇಲ್ಲವೇ ಈಗಲೇ ನಿಲ್ಲಿಸಬೇಕು.

ಮೈದುನನದು ಬೇರೆ ಲೆಕ್ಕ. ಜಂಟಿ ಭೇಟಿಗೆ ಬಂದಾಗ ಬರೆದ ಹಾಳೆಯನ್ನೇ ತಂದಿದ್ದ. ರೋಗಿಯ ಮನೆಯವರಿಂದ ತಿಂಗಳಿಗೆ 19,000, ಹುಡುಗಿಗೆ 15,000, ಉಳಿಕೆ 4,000. ಐವತ್ತು ಜನರಾದರೆ ತಿಂಗಳಿಗೆ ಎರಡು ಲಕ್ಷ. ಅತ್ತಿಗೆಯ ಒಡವೆ ಗಿರವಿ ಇಟ್ಟು ಆಫೀಸು, ಬೋರ್ಡು, ಜಾಹೀರಾತು.

"ಅತ್ಗೆ, ನೀವು ಬರೀ ಹುಡ್ಗೀರ್ನ ಹುಡುಕ್ಕೊಡಿ. ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ."

"ರಾತ್ರಿ ಫೋನ್ ಬಂದ್ರೆ ಹೋಗೋರ್ಯಾರು?"

"ಅದೇನ್ ದಿನಾ ಬರತ್ತಾ?"

ಸಿಸ್ಟರ್ ಉತ್ತರ ಕೊಡಲಿಲ್ಲ, ಗಂಡನ ಮುಖ ನೋಡಿದರು. ಅಷ್ಟು ದಿನ ಬೇಡ ಬೇಡ ಎನ್ನುತ್ತಿದ್ದ ಗಂಡ ಆಗ ತಮ್ಮನಿಗೆ, "ಅವತ್ತು ಹೋದೋರು ನಾವು. ನೀನು ಆ ಹುಡ್ಗಿ ಮುಖ ನೋಡಿಲ್ಲ" ಎಂದರು. ಆ ಮಾತಿಂದ ಸಿಸ್ಟರ್‌ಗೆ ಸಿಕ್ಕ ಬಲ ನನ್ನ ಯಾವ ಸಲಹೆಯಿಂದಲೂ ಸಿಕ್ಕಿರಲಾರದು.

ಅದೇ ಹಾಳೆಯ ಹಿಂಬದಿಗೆ ನಾವು ಲೆಕ್ಕ ಮುಂದುವರಿಸಿದೆವು. ಕೆಲಸಗಾರರು ಹತ್ತಾದರೆ ಇಎಸ್‌ಐ (ಕಾರ್ಮಿಕರ ವಿಮೆ), ಇಪ್ಪತ್ತಾದರೆ ಪಿಎಫ್ (ಭವಿಷ್ಯ ನಿಧಿ). 15,000 ಸಂಬಳಕ್ಕೆ ಯಜಮಾನರ ಪಾಲಿನ ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ ಶೇ. 3.25, ಅಂದರೆ ಸುಮಾರು 488. ನಾಲ್ಕು ಸಾವಿರದಲ್ಲಿ ಉಳಿಯುವುದು ಹೆಚ್ಚೆಂದರೆ 1,700. ಅದರಲ್ಲೇ ಓಡಾಟ, ರಜೆ ಹಾಕಿದವಳ ಬದಲಿಗೆ ಇನ್ನೊಬ್ಬಳು, ಬಾಕಿ ಉಳಿಸುವ ಮನೆಗಳು, ಹನ್ನೆರಡು ಗಂಟೆ ದುಡಿಮೆಗೆ ಕೊಡಬೇಕಾದ ಹೆಚ್ಚುವರಿ ಕೂಲಿ. ಮನೆಯವರ ಹಣವೆಲ್ಲ ಸಿಸ್ಟರ್ ಖಾತೆಗೇ ಬಂದರೆ ಒಂಬತ್ತು ಜನರಿಂದಲೇ ವರ್ಷದ ವಹಿವಾಟು 20,52,000. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಇಷ್ಟು ಚಿಕ್ಕ ಕೆಲಸವೂ ಆ ಗೆರೆ ದಾಟುತ್ತದೆಂದು ಮೂವರಿಗೂ ಗೊತ್ತಿರಲಿಲ್ಲ. ಬೋರ್ಡು ಬರೆಸುವ ಮೊದಲು ಆಡಿಟರ್ ಬಳಿ ಹೋಗಿ ಎಂದೆ. ಮೈದುನ ಹಾಳೆ ಮಡಿಸಿಕೊಂಡು ಹೊರಟ. ಅತ್ತಿಗೆಯ ಮೇಲೆ ಅವನಿಗೆ ಇವತ್ತಿಗೂ ಮುನಿಸಿದೆ. ಅದನ್ನು ಸರಿಮಾಡಲೆಂದು ಒಡವೆ ಕೊಡಬೇಡಿ ಎಂದು ಸಿಸ್ಟರ್‌ಗೆ ಬಿಡಿಸಿ ಹೇಳಿದ್ದೇನೆ. ಹಣ ಬೇಕೇ ಬೇಕೆಂದರೆ ಮುದ್ರಾ ಸಾಲದ ಕಿಶೋರ್ ವಿಭಾಗವಿದೆ, 50,000ದಿಂದ 5 ಲಕ್ಷದವರೆಗೆ. ಆದರೆ ಆ ಹಣ ಆಫೀಸಿನ ಗಾಜಿನ ಬಾಗಿಲಿಗಲ್ಲ. ಮನೆಯವರು ದುಡ್ಡು ಕೊಡುವುದು ಹದಿನೈದನೇ ತಾರೀಖಾದರೂ ಹುಡುಗಿಯರ ಸಂಬಳ ಐದಕ್ಕೆ ಹೋಗಬೇಕು, ಅದಕ್ಕಾಗಿ.

ಇನ್ನು ಕೆಲಸದ ರೀತಿ. ಇದರ ಬಗ್ಗೆ ಸಿಸ್ಟರ್‌ಗೆ ನಾನು ಕಲಿಸುವುದೇನೂ ಇರಲಿಲ್ಲ. ಎಲ್ಲವೂ ಅವರಿಗೆ ಗೊತ್ತಿದ್ದದ್ದೇ, ಮನೆಯವರ ಮುಂದೆ ಹೇಳಲು ಬಾಯಿ ಬರುತ್ತಿರಲಿಲ್ಲ. ಹಾಗಾಗಿ ಹೇಳುವುದನ್ನೇ ಅಭ್ಯಾಸ ಮಾಡಿಸಿದೆ. ನಾನು ರೋಗಿಯ ಮಗಳಾಗಿ ಕೂತೆ.

"ಇಪ್ಪತ್ನಾಲ್ಕು ಗಂಟೆಗೆ ಒಬ್ಬಳು ಸಾಕು ಸಿಸ್ಟರ್, ರಾತ್ರಿ ಮಲಗ್ತಾಳಲ್ಲ."

"ನಿಮ್ಮ ತಂದೆಯವರನ್ನ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸಬೇಕು ಮೇಡಂ, ಇಲ್ಲಾಂದ್ರೆ ಬೆಡ್ ಸೋರ್ ಆಗತ್ತೆ. ರಾತ್ರಿಯೆಲ್ಲ ಎದ್ದಿರೋಳು ಹಗಲು ಕೆಲಸ ಮಾಡಕ್ಕಾಗಲ್ಲ. ಇಬ್ರು ಬೇಕು, ಇಲ್ಲಾ ರಾತ್ರಿ ನೀವು ನೋಡ್ಕೋಬೇಕು."

"ಹೇಗೂ ಇದ್ದಾಳಲ್ಲ, ನಾಕು ಪಾತ್ರೆ ತೊಳೀಲಿ."

ಇಲ್ಲಿ ಸಿಸ್ಟರ್ ತಡವರಿಸಿದರು. "ಆಗಲಿ" ಎಂದು ಬಾಯಿಗೆ ಬಂದೇಬಿಟ್ಟಿತ್ತು. ಎರಡನೇ ಸಲಕ್ಕೆ, "ಪೇಷಂಟ್ ತಟ್ಟೆ, ಬಟ್ಟೆ, ಕೋಣೆ ಅವಳು ನೋಡ್ಕೋತಾಳೆ. ಮನೆಗೆಲಸ ಅವಳದ್ದಲ್ಲ" ಎಂದರು. ಇನ್ನೂ ಕೆಲವು ಸಲ ಹೇಳಿಸಿದೆ, ದನಿ ಗಟ್ಟಿಯಾಗುವ ತನಕ.

ನಾವಿಬ್ಬರೂ ಕೂತು ಬರೆದುಕೊಂಡ ಕಟ್ಟುಪಾಡುಗಳಲ್ಲಿ ಮುಖ್ಯವಾದವು ಇವು. ಹುಡುಗಿಯನ್ನು ಕಳಿಸುವ ಮೊದಲು ಸಿಸ್ಟರ್ ಸ್ವತಃ ಆ ಮನೆ ನೋಡಿ ಬರಬೇಕು. ಅವಳು ಮಲಗುವ ಕೋಣೆ, ಬಚ್ಚಲು, ಎರಡರ ಚಿಲಕವನ್ನೂ ಕೈಯಿಂದ ಹಾಕಿ ತೆಗೆದು ನೋಡಬೇಕು. ಮನೆಯಲ್ಲಿ ರಾತ್ರಿ ಯಾರು ಯಾರು ಇರುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಫೋನನ್ನು ಮನೆಯವರು ಕಿತ್ತಿಟ್ಟುಕೊಳ್ಳುವಂತಿಲ್ಲ. 112 ಮತ್ತು ಮಹಿಳಾ ಸಹಾಯವಾಣಿ 181 ಪ್ರತಿ ಹುಡುಗಿಯ ಫೋನಿನಲ್ಲಿರಬೇಕು. ಅಸಲಿ ಅಂಕಪಟ್ಟಿ, ಆಧಾರ್ ಕಾರ್ಡನ್ನು ಏಜೆನ್ಸಿ ಒತ್ತೆಯಿಟ್ಟುಕೊಳ್ಳಕೂಡದು. ವಾರಕ್ಕೊಂದು ರಜೆ. ಸಂಬಳ ಬ್ಯಾಂಕಿಗೆ.

ಎಸ್ಸೆಸ್ಸೆಲ್ಸಿ ಓದಿದ ಹುಡುಗಿಗೆ ಬಿಳಿ ಕೋಟು ತೊಡಿಸಿ ನರ್ಸ್ ಎಂದು ಕಳಿಸುವುದನ್ನು ಮಾತ್ರ ಅವತ್ತೇ ನಿಲ್ಲಿಸಲು ಹೇಳಿದೆ. ಈ ವಿಷಯದಲ್ಲಿ ನಾನು ಕಠಿಣವಾಗಿಯೇ ಮಾತಾಡಿದೆ. ಊಟ ಮಾಡಿಸುವುದು, ಸ್ನಾನ, ಡೈಪರ್, ಮಗ್ಗುಲು ಬದಲಿಸುವುದು ಅಟೆಂಡರ್ ಕೆಲಸ, ಅದಕ್ಕೂ ತರಬೇತಿ ಬೇಕು. ಇಂಜೆಕ್ಷನ್, ಟ್ಯೂಬ್ ಹಾಕುವುದು, ಕ್ಯಾಥೆಟರ್ ಬದಲಿಸುವುದು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರ ಕೆಲಸ. ಇಬ್ಬರ ದರವೂ ಬೇರೆ, ಬಿಲ್ಲಿನಲ್ಲಿ ಹೆಸರೂ ಬೇರೆ ಇರಲಿ. ಟ್ಯೂಬ್‌ನಲ್ಲಿ ಊಟ ಕೊಡುವಾಗ ತಲೆದಿಂಬು ಎತ್ತರಿಸಬೇಕು ಎಂದು ಗೊತ್ತಿಲ್ಲದ ಹುಡುಗಿಯಿಂದ ರೋಗಿಯ ಶ್ವಾಸಕೋಶಕ್ಕೆ ಗಂಜಿ ಇಳಿದರೆ, ಜೀವನಪೂರ್ತಿ ಆ ಭಾರ ಹೊರುವವಳು ಅವಳೇ.

ಆಸ್ಪತ್ರೆಯ ವಾರ್ಡಿನಲ್ಲಿ ಡಿಸ್ಚಾರ್ಜ್ ಆಗುವವರಿಗೆ ತಮ್ಮ ನಂಬರ್ ಕೊಡುವುದನ್ನೂ ನಿಲ್ಲಿಸಬೇಕಾಯಿತು. ಸಂಬಳ ಕೊಡುವ ಸಂಸ್ಥೆಯಲ್ಲಿ ಕೂತು ಸ್ವಂತ ವ್ಯವಹಾರ ನಡೆಸುವ ಅಳುಕು ಅವರ ನಿದ್ದೆ ಕೆಡಿಸಿದ ಕಾರಣಗಳಲ್ಲಿ ಒಂದಾಗಿತ್ತು, ಅದನ್ನು ಬಾಯಿಬಿಟ್ಟದ್ದು ತಡವಾಗಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಗೆ ಕಾರ್ಮಿಕ ಇಲಾಖೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತಮ್ಮ ಕೆಲಸಕ್ಕೆ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಲು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿ, ಎರಡಕ್ಕೂ ಅವರೇ ಓಡಾಡಿದರು.

ಈಗ ಹುಡುಗಿಯರು ಆರು ಜನ. ಒಬ್ಬರೇ ಇಪ್ಪತ್ನಾಲ್ಕು ಗಂಟೆ ದುಡಿಯುವ ಡ್ಯೂಟಿ ಒಂದೂ ಇಲ್ಲ, ಅದಕ್ಕೆ ಒಪ್ಪದ ಮೂರು ಮನೆಗಳನ್ನು ಬಿಟ್ಟುಕೊಟ್ಟರು. ರಾತ್ರಿಯ ಫೋನ್ ಒಂದು ವಾರ ಸಿಸ್ಟರ್ ಬಳಿ, ಒಂದು ವಾರ ಗಂಡನ ಬಳಿ. ಗಂಡನ ವಾರದಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ, ತಮ್ಮ ವಾರದಲ್ಲಿ ಇನ್ನೂ ಎರಡು ಮೂರು ಸಲ ಎಚ್ಚರವಾಗುತ್ತದೆ, ಮನೋವೈದ್ಯರ ಔಷಧಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ಆಸ್ಪತ್ರೆ ಕೆಲಸಕ್ಕೆ ರಾಜೀನಾಮೆ ಕೊಡುವುದು ಹಿರಿಯ ಮಗಳ ಪಿಯುಸಿ ಮುಗಿದ ಮೇಲೆ ಎಂದು ಗಂಡ ಹೆಂಡತಿ ಸೇರಿ ತೀರ್ಮಾನಿಸಿದ್ದಾರೆ. ಅಲ್ಲಿಯವರೆಗೆ ಏಳನೆಯವಳನ್ನು ತೆಗೆದುಕೊಳ್ಳುವುದಿಲ್ಲ. ಹುಡುಗಿಯರ ನೇಮಕಾತಿ ಪತ್ರವನ್ನು ಕನ್ನಡದಲ್ಲಿ ಸಿಸ್ಟರ್ ತಾವೇ ಬರೆದು ಮುಗಿಸಿದ್ದಾರೆ. ಮನೆಯವರು ಸಹಿ ಹಾಕಬೇಕಾದ ಕರಾರು ಪತ್ರದ ಕರಡನ್ನು ಮುಂದಿನ ಭೇಟಿಗೆ ತರಲು ಹೇಳಿದ್ದೇನೆ.